ಮೂವತ್ತೇಳು ಡಬ್ಬಿಗಳ ಮಹಾನಕ್ಷೆ

ಬೆಳಿಗ್ಗೆ ಎಂಟಕ್ಕೆ ರಾಣೆಬೆನ್ನೂರು ಬಿಟ್ಟರೆ ಸಂಜೆ ಆರಕ್ಕೆ ವಾಪಸು. ಅಲ್ಲಿಯವರೆಗೆ ನನ್ನ ಎಂಟು ತಿಂಗಳ ಕೂಸು ಅತ್ತರೆ? ಹಾವೇರಿಯ ಶಿಕ್ಷಕರ ತರಬೇತಿಗೆ ಆದೇಶ ಬಂದ ದಿನದಿಂದ ಈ ಚಿಂತೆ ಬೆನ್ನು ಬಿಟ್ಟಿರಲಿಲ್ಲ. ಆದರೆ ನಾನೇನು ಸಾಮಾನ್ಯಳೇ? ಹುಬ್ಬಳ್ಳಿಯಲ್ಲಿ ಓದಿದವಳು! ಬ್ರೌಸರಿನಲ್ಲೇ ನಕ್ಷೆ ಬರೆಯುವ ಪುಕ್ಕಟೆ ತಾಣವೊಂದನ್ನು ಹಿಡಿದು ಮೂವತ್ತೇಳು ಡಬ್ಬಿಗಳ ಕೂಸುಪಾಲನಾ ಮಹಾನಕ್ಷೆ ರಚಿಸಿಬಿಟ್ಟೆ. ಅತ್ತಿತೇ? ಹೌದು. ಹಸಿವೇ? ಇಲ್ಲ. ಬಟ್ಟೆ ಒದ್ದೆಯೇ? ಒಂದೊಂದು ಪ್ರಶ್ನೆಗೆ ಒಂದೊಂದು ಚೌಕದ ಡಬ್ಬಿ, ಒಂದೊಂದು ಉತ್ತರಕ್ಕೆ ಮುಂದಿನ ಡಬ್ಬಿಗೊಯ್ಯುವ ಒಂದೊಂದು ಬಾಣ.

ನಾಲ್ಕು ಮಕ್ಕಳನ್ನು ಬೆಳೆಸಿದ ಅತ್ತೆ ಉಚ್ಚಂಗೆವ್ವನವರು ಅದನ್ನು ನೋಡಿ ಕೂಸನ್ನೆತ್ತಿಕೊಂಡು ಒಳಗೆ ಹೋದರು. ಅಂದು ಅಂಗಡಿ ಮುಚ್ಚಿ ಮನೆಯಲ್ಲಿರಲು ಒಪ್ಪಿದ್ದ ನನ್ನ ಗಂಡ ಮೈಲೇಶ ಮಾತ್ರ ಕೇಳಿದರು:

“ಹಾವೇರಿಯಿಂದ ಅವ್ವಗ ಒಂದ ಫೋನ್ ಮಾಡಿ ಕೂಸಿನ ಸುದ್ದಿ ಕೇಳಿದರ ಆಗೂದಿಲ್ಲೇನು?”

“ಇದು ಇದ್ದಮ್ಯಾಲೆ ಫೋನ್ ಯಾಕ್ರಿ? ನೀವು ಲ್ಯಾಪ್‌ಟಾಪ್ ನೋಡಿ ಅವರಿಗೆ ಓದಿ ಹೇಳ್ರಿ, ಸಾಕು. ನಾ ಒಂದ ಸಲಾನೂ ಫೋನ್ ಮಾಡೂದಿಲ್ಲ.”

ಹೆಮ್ಮೆ ಅಷ್ಟಕ್ಕೇ ನಿಲ್ಲಬೇಕಿತ್ತು. ಬಸ್ಸಿನಲ್ಲಿ ಕೂತು ನಕ್ಷೆಯ ಲಿಂಕನ್ನು ಮನೆತನದ ವಾಟ್ಸಾಪ್ ಗುಂಪಿಗೂ ಹಾಕಿದೆ. ‘ಯಾರು ಬೇಕಾದರೂ ತಿದ್ದಬಹುದು’ ಎಂಬಲ್ಲಿ ಗುರುತು ಬಿದ್ದದ್ದನ್ನು ನೋಡಲೇ ಇಲ್ಲ.

ತರಬೇತಿಯಲ್ಲಿ ಬೆಂಚಿನ ಕೆಳಗೆ ಮೊಬೈಲ್ ತೆರೆದು ನಕ್ಷೆ ನೋಡಿದೆ. ನೆಂಟರ ಹೆಸರು ಹೊತ್ತ ಪುಟ್ಟ ಕರ್ಸರ್ ಮುಳ್ಳುಗಳು ನನ್ನ ನಕ್ಷೆಯ ತುಂಬ ಓಡಾಡುತ್ತಿದ್ದವು! ಐರಣಿಯ ಮೀನಾಕ್ಷಿ ಚಿಗವ್ವ ಬಜೆ ತೇಯ್ದು ನೆಕ್ಕಿಸುವ ಡಬ್ಬಿ ಕೂಡಿಸಿದ್ದಳು. ಬ್ಯಾಡಗಿಯ ನಾದಿನಿ ನಿರ್ಮಲಾ, ‘ದೃಷ್ಟಿ ಆಗೇತಿ, ಏಳು ಮೆಣಸಿನಕಾಯಿ ನಿವಾಳಿಸಿ ಒಲಿಗೆ ಹಾಕ್ರಿ’ ಎಂಬ ಕೆಂಪು ಡಬ್ಬಿ ಇಟ್ಟಿದ್ದಳು. ನಾನು ಅಳಿಸಿದೆ. ಅವಳು ಮತ್ತೆ ಇಟ್ಟಳು, ಈ ಸಲ ಹನ್ನೊಂದು ಮೆಣಸಿನಕಾಯಿ! ನಮ್ಮ ಜಗ್ಗಾಟದಲ್ಲಿ ಬಾಣಗಳೆಲ್ಲ ಕಿತ್ತು ಬಂದು ಆ ಕೆಂಪು ಡಬ್ಬಿಗೇ ಅಂಟಿಕೊಂಡವು. ಅತ್ತರೆ ಮೆಣಸಿನಕಾಯಿ, ಹಸಿದರೆ ಮೆಣಸಿನಕಾಯಿ, ನಕ್ಕರೂ ಮೆಣಸಿನಕಾಯಿ!

ನನ್ನ ಗಂಡನೋ, ಬರೆದದ್ದನ್ನು ಅಕ್ಷರ ಬಿಡದೆ ಪಾಲಿಸುವ ಮನುಷ್ಯ. ಘಾಟಿಗೆ ಕೆಮ್ಮುವ ಕೂಸು ಕಣ್ಣ ಮುಂದೆ ಬಂತು. ಮಾನ ಹಾವೇರಿಯಲ್ಲೇ ಹೋದರೆ ಹೋಗಲಿ ಎಂದು ಹೊರಗೋಡಿ ಅತ್ತೆಗೆ ಫೋನ್ ಹಚ್ಚಿದೆ.

“ಅತ್ತಿ, ಒಲಿಗೆ ಮೆಣಸಿನಕಾಯಿ ಹಾಕಬ್ಯಾಡ್ರಿ.”

“ಯಾರ ಹಾಕ್ಯಾರವಾ? ಕೂಸು ಉಂಡು ಮಲಗೇತಿ. ನಿನ್ನ ಗಂಡ ಆ ಡಬ್ಬಿ ಓದಿಕೋತ ಅದಕ್ಕಿಂತ ಮೊದಲ ಮಲಗ್ಯಾನ.” ಅತ್ತೆ ದನಿ ತಗ್ಗಿಸಿದರು. “ಅಲ್ಲವಾ, ಮೂವತ್ತೇಳು ಡಬ್ಬಿ ಮಾಡೀದಿ. ‘ಅವ್ವನ್ನ ಕೇಳ್ರಿ’ ಅಂತ ಒಂದರ ಹಾಕಬಾರದಿತ್ತೇನು?”