ಅಲೆವೀರ ಸೋಮವಾರ ಮೀನು ತಿಂದದ್ದು

ಸುನಾಮಿಯನ್ನು ಎದೆಯೊಡ್ಡಿ ತಡೆದಾಗ ಯಾರೂ ತಕರಾರು ಮಾಡಲಿಲ್ಲ. ಕಳ್ಳಸಾಗಣೆಯ ಹಡಗನ್ನು ಹಲ್ಲಿನಲ್ಲಿ ಕಚ್ಚಿ ದಡಕ್ಕೆ ಎಳೆದಾಗಲೂ ಇಲ್ಲ. ಆದರೆ ಅಲೆವೀರ ಸೋಮವಾರದ ದಿನ ಹುರಿದ ಬಂಗಡೆ ತಿಂದ ಎಂದು ಗೊತ್ತಾದಾಗ ಅಂಕೋಲೆಯ ಜನ ಚಾದ ಲೋಟ ಕೆಳಗಿಟ್ಟು ಎದ್ದು ನಿಂತರು.

ಅಲೆವೀರ ಎಂದರೆ ಗಿರಿಧರ ಬರೆಯುವ ಕಾಮಿಕ್ಸ್ ಚಿತ್ರಕತೆಯ ನಾಯಕ. ಗಿರಿಧರ ವಾರವಿಡೀ ಸಹಕಾರಿ ಸಂಘದಲ್ಲಿ ಗೊಬ್ಬರದ ಚೀಲ ಎಣಿಸುವ ಗುಮಾಸ್ತ. ಬೀದಿನಾಯಿ ಗುರ್ ಎಂದರೆ ಹಾದಿ ಬದಲಿಸುವವನು, ಸಂಘದ ಸೆಕ್ರೆಟರಿ ಕೆಮ್ಮಿದರೂ ಎದ್ದು ನಿಲ್ಲುವವನು. ಕಾರವಾರದಿಂದ ಭಾನುವಾರ ಬರುವ ವಾರಪತ್ರಿಕೆಯ ಕೊನೆಯ ಪುಟದಲ್ಲಿ ಮಾತ್ರ ಅವನದೇ ರಾಜ್ಯ. ಪೇಟೆಯಲ್ಲಿ ನಾಲ್ಕು ಜನ ಅವನನ್ನು ನಿಲ್ಲಿಸಿ ಮಾತಾಡಿಸುತ್ತಿದ್ದರೆ ಅದು ಅಲೆವೀರನ ಪುಣ್ಯದಿಂದ. ಗೊಬ್ಬರದ ಚೀಲ ಎಣಿಸಿದ್ದಕ್ಕೆ ಯಾರೂ ಯಾರನ್ನೂ ನಿಲ್ಲಿಸಿ ಮಾತಾಡಿಸುವುದಿಲ್ಲ.

ತಪ್ಪಾದದ್ದು ಹೊಟ್ಟೆಯಿಂದ. ಚಿತ್ರ ಬರೆಯಲು ಕೂತದ್ದು ಒಂದು ಸೋಮವಾರದ ಸಂಜೆ. ಮಧ್ಯಾಹ್ನ ಊಟಕ್ಕೆ ಮೊಳಕೆ ಹೆಸರಿನ ಸಾರು. ಎಷ್ಟಾದರೂ ಸೋಮವಾರ, ಮೀನಿನ ಮಾತೇ ಇಲ್ಲ. ಮನಸ್ಸು ಬಂಗಡೆ ಬೇಡುತ್ತಿತ್ತು, ಕೈ ಅದನ್ನೇ ಬರೆಯಿತು. ದಣಿದು ಬಂದ ಅಲೆವೀರನಿಗೆ ಅವನ ಅವ್ವಿ ರವೆ ಹಚ್ಚಿ ಹುರಿದ ಬಂಗಡೆ ಬಡಿಸಿದಳು. ಚೌಕದ ಒಂದು ಮೂಲೆ ಬೋಳಾಗಿ ಕಂಡಿತೆಂದು ಗಿರಿಧರ ಅಲ್ಲೊಂದು ಕ್ಯಾಲೆಂಡರ್ ತೂಗುಹಾಕಿ, ಅಂದಿನ ವಾರವನ್ನೇ ದಪ್ಪಕ್ಷರದಲ್ಲಿ ಬರೆದುಬಿಟ್ಟ.

ಭಾನುವಾರ ಬೆಳಿಗ್ಗೆ ಮೊದಲು ನೋಡಿದವಳು ಹೆಂಡತಿ ವಿದ್ಯಾ.

“ಹೌದ್ರಾ, ಇವಂಗೆ ದೇವ್ರು ದಿಂಡ್ರು ಎಂತದೂ ಇಲ್ವಾ?”

“ಯಾರಿಗೆ?”

“ನಿಮ್ಮ ಅಲೆವೀರಂಗೆ! ಗೋಡೆ ಮೇಲೆ ಸೋಮವಾರ, ಬಟ್ಲಲ್ಲಿ ಬಂಗ್ಡೆ. ಬಡ್ಸಿದ ಅವನ ಅವ್ವಿಗಾದ್ರೂ ಬುದ್ಧಿ ಬ್ಯಾಡ್ವಾ?”

ಗಿರಿಧರ ಪತ್ರಿಕೆ ಕಸಿದುಕೊಂಡು ನೋಡಿದ. ಅಷ್ಟರಲ್ಲಿ ಪಕ್ಕದ ಮನೆಯ ತುಳಸಿದಾಸ ಸಾವಿನ ಮನೆಗೆ ಬಂದವರ ಮುಖ ಮಾಡಿಕೊಂಡು ಒಳಗೆ ಬಂದ. ಅವನು ಕೈಗಾದ ಅಣುಸ್ಥಾವರದಲ್ಲಿ ನೌಕರ. ವಾರದ ದಿನಗಳಲ್ಲಿ ಕಂಪನಿ ಬಸ್ಸು ಅವನನ್ನು ಕಾಡಿಗೆ ಒಯ್ಯುತ್ತಿದ್ದುದರಿಂದ ಕೇರಿ ಸುಖವಾಗಿತ್ತು. ಭಾನುವಾರ ಮಾತ್ರ ಅವನ ಬಿಡುವೆಲ್ಲ ಕಂಡವರ ಮನೆಗೆ ಮೀಸಲು.

“ತಮಾ, ಗೂಂಡಾಗಳ್ನ ಹೊಡ್ದ್ರೆ ಸಾಕಾಗೂದಿಲ್ಲ,” ಎಂದು ಕುರ್ಚಿ ಎಳೆದುಕೊಂಡ ತುಳಸಿದಾಸ. “ಹೀರೋ ಅಂದ್ರೆ ಆಸೆ ಗೆದ್ದವ. ನಾವೇ ಸೋಮವಾರ ಬಾಯಿ ಕಟ್ಕಂಡು ಇರ್ತೇವೆ. ಅವ ತಿಂದ್ರೆ ನಮ್ಗೂ ಅವಂಗೂ ಎಂತಾ ಫರಕು?”

“ಕೈತಪ್ಪು ಮಾವಾ. ಯಾರೂ ನೋಡೂದಿಲ್ಲ ಬಿಡಿ.”

“ನೋಡಿದ್ರು. ನಾನೇ ಎಲ್ಲಾ ಗ್ರೂಪಿಗೂ ಹಾಕಿದ್ದೆ. ಜನ ತಪ್ಪು ತಿಳ್ಕಂಬುದು ಬ್ಯಾಡ ಅಂತ.”

ಬಾಗಿಲಲ್ಲಿ ಬುಟ್ಟಿ ಇಳಿಸಿ ಕೂತಿದ್ದ, ಮೀನು ಮಾರುವ ಕಾಮಿ ಒಬ್ಬಳೇ ಅಲೆವೀರನ ಪರ. “ತಿನ್ಲಿ ಬಿಡ್ರಾ! ಸೋಮವಾರ ನನ್ ಬುಟ್ಟಿ ಮುಖ ಯಾರೂ ನೋಡೂದಿಲ್ಲ. ಅವ ಒಬ್ಬನಾದ್ರೂ ತಿಂದ್ನಲ್ಲ, ನೂರು ವರ್ಷ ಬಾಳ್ಲಿ!”

ಈ ಆಶೀರ್ವಾದ ಫಲಿಸುವ ಮೊದಲೇ ಸಂಪಾದಕ ಹರಿಶ್ಚಂದ್ರರ ಫೋನು ಬಂತು. ಬೆಳಗಿನಿಂದ ಅವರಿಗೆ ಒಂದು ಗುಟುಕು ನೀರು ಕುಡಿಯಲೂ ಓದುಗರು ಬಿಟ್ಟಿರಲಿಲ್ಲ. “ಗಿರಿಧರಾ, ಈಗ್ಲೇ ಕಾರವಾರಕ್ಕೆ ಬಾ. ಇದಕ್ಕೊಂದು ಉತ್ತರ ಬರ್ದುಕೊಡು, ಇವತ್ತೇ ನಮ್ಮ ಓದುಗರ ಗ್ರೂಪಿಗೆ ಹಾಕ್ತೆ. ಜನ ಒಪ್ಪದಿದ್ರೆ ನಿನ್ನ ಅಲೆವೀರ ಬಂದ್.”

ಅಲೆವೀರ ಹೋದರೆ ಉಳಿಯುವುದೇನು? ಗೊಬ್ಬರದ ಚೀಲ. ಒಲೆಯ ಮೇಲೆ ಕುದಿಯುತ್ತಿದ್ದ ಮೀನುಸಾರಿನ ಕಡೆ ತಿರುಗಿಯೂ ನೋಡದೆ, ಗಿರಿಧರ ಕಾಗದದ ಸುರುಳಿ ಕಂಕುಳಲ್ಲಿಟ್ಟು ಬಸ್‌ಸ್ಟ್ಯಾಂಡಿಗೆ ಓಡಿದ.

ಸುದ್ದಿ ಅವನಿಗಿಂತ ಮೊದಲೇ ಬಸ್ಸು ಹತ್ತಿ ಕೂತಿತ್ತು.

“ಅಲೆವೀರನ ಅಪ್ಪ ಬಂದ್ರು, ಜಾಗ ಕೊಡಿ!” ಎಂದು ಕೂಗಿದ ಕಂಡಕ್ಟರ್ ರವಿಕಿರಣ. ಹಟ್ಟಿಕೇರಿ ಬರುವಷ್ಟರಲ್ಲಿ ಬಸ್ಸೇ ಕೋರ್ಟಾಗಿತ್ತು. ಕಾಯಿಪಲ್ಲೆಯ ಚೀಲ ಹಿಡಿದಿದ್ದ ನಾಗಿ ಎಂಬ ಮುದುಕಿಗೆ ಮಾತ್ರ ಕನಿಕರ ಬಂತು. “ವಾರ ಮರ್ತು ಹೋಗಿತ್ತು ಅಂತ ಬರಿ ಮಗಾ. ಲಗ್ನ ಇಲ್ದವ, ಪಾಪ, ಅವ್ವಿಗೂ ವಯಸ್ಸಾಯ್ತು, ನೆನಪು ಮಾಡೂಕೆ ಯಾರಿದ್ರು?” ಹಿಂದಿನ ಸೀಟಿನವನೊಬ್ಬ ಅದು ಮೀನೇ ಅಲ್ಲ, ಬಾಳೆಕಾಯಿಯನ್ನು ಮೀನಿನ ಹಾಗೆ ಕೊಯ್ದು ಹುರಿದದ್ದು ಎಂದು ಸಾಧಿಸತೊಡಗಿದ. ಬಾಳೆಕಾಯಿಗೆ ಬಾಲ ಎಲ್ಲಿಂದ ಬಂತು ಎಂದು ಇಡೀ ಬಸ್ಸು ಅವನ ಮೇಲೆ ಬಿತ್ತು.

ರವಿಕಿರಣ ಸೀಟಿ ಊದಿ ಎಲ್ಲರನ್ನೂ ಸುಮ್ಮನಾಗಿಸಿದ. “ಕೇಳಿ ಇಲ್ಲಿ! ಹೀರೋ ತಪ್ಪೇ ಮಾಡೂದಿಲ್ಲ. ಇಲ್ಲಿ ತಪ್ಪು ಆಗಿದೆ. ಅಂದ್ಮೇಲೆ ತಿಂದವ ಹೀರೋ ಅಲ್ವೇ ಅಲ್ಲ, ಅವನ ವೇಷ ಹಾಕಂಡು ಬಂದ ವಿಲನ್!”

ಬಸ್ಸಿಗೆ ಬಸ್ಸೇ ಚಪ್ಪಾಳೆ ತಟ್ಟಿತು. ಗಿರಿಧರನಿಗೆ ಹೋದ ಜೀವ ಬಂದಂತಾಯಿತು.

ಕಾರವಾರದ ಕಚೇರಿಯಲ್ಲಿ ಅವನು ಊಟ ನೀರು ಬಿಟ್ಟು ಬರೆದ. ಕಳ್ಳಸಾಗಣೆದಾರರ ಮುಖಂಡ ಕರಿಗಡ್ಡ ಅಲೆವೀರನ ವೇಷದಲ್ಲಿ ಮನೆ ಹೊಕ್ಕಿದ್ದ. ಆ ಅಡ್ನಾಡಿಯೇ ಸೋಮವಾರ ಬಂಗಡೆ ತಿಂದವನು. ಯಾರಿಗೂ ಸಂಶಯ ಉಳಿಯಬಾರದೆಂದು ಬಟ್ಟಲಿನ ಮೇಲೆ ಕರಿಗಡ್ಡನ ಐದು ಬೆರಳಿನ ಗುರುತನ್ನೂ ಪೊಲೀಸರಿಗೆ ಸಿಗುವಂತೆ ಮಾಡಿದ. ಕೊನೆಗೆ ಕರಿಗಡ್ಡ ಏನಾದರೂ ಹೇಳಬೇಕಲ್ಲ? ಗಿರಿಧರನ ಹೊಟ್ಟೆ ತಾಳ ಹಾಕುತ್ತಿತ್ತು. ಆ ಹೊಟ್ಟೆಯೇ ಮಾತು ಕೊಟ್ಟಿತು: “ಸಿಕ್ಕಿಬೀಳುತ್ತೇನೆ ಅಂತ ಗೊತ್ತಿತ್ತು. ಆದರೆ ಹುರಿದ ಬಂಗಡೆಯ ವಾಸನೆ ಬಂತು. ಏನು ಮಾಡಲಿ, ಸೋಮವಾರವೂ ಹಸಿವಾಗುತ್ತದೆ!”

ಕಟ್ಟಕಡೆಯ ಚೌಕದಲ್ಲಿ ಅಲೆವೀರ ಸೊಂಟದ ಮೇಲೆ ಕೈಯಿಟ್ಟು, ಒಂದು ಕಲೆಯೂ ಇಲ್ಲದೆ ನಿಂತ. ಗಿರಿಧರನಿಗೆ ಕಣ್ಣು ತುಂಬಿ ಬಂತು. ಹರಿಶ್ಚಂದ್ರರು ಫೋಟೋ ತೆಗೆದು ಗ್ರೂಪಿಗೆ ಹಾಕಿ, “ಗೆದ್ದೆ ಮಾರಾಯಾ!” ಎಂದು ಬೆನ್ನು ತಟ್ಟಿದರು.

ಸಂಜೆ ಅಂಕೋಲೆಯಲ್ಲಿ ಬಸ್ಸಿಳಿದರೆ ತುಳಸಿದಾಸ ಸ್ಕೂಟರ್ ತಂದು ಕಾಯುತ್ತಿದ್ದ. ಬೆಳಗಿನ ಸೂತಕದ ಮುಖ ಎಲ್ಲೋ ಹೋಗಿ ಮದುವೆ ಮನೆಯ ಕಳೆ ಬಂದಿತ್ತು.

“ತಮಾ, ಎಂತಾ ಗಂಡ್ಸು ಮಾರಾಯಾ ಅವ! ಓದಿ ಕಣ್ಣಲ್ಲಿ ನೀರು ಬಂತು!”

“ಅಲೆವೀರ ಅಲ್ವಾ ಮಾವಾ?”

“ಎಂತಾ ಅಲೆವೀರ? ಕರಿಗಡ್ಡ! ಸಿಕ್ಕಿಬೀಳ್ತೆ ಅಂತ ಗೊತ್ತಿದ್ರೂ ತಿಂದ್ನಲ್ಲ. ನಮ್ಮ ಮನಸ್ಸಲ್ಲಿ ಇದ್ದದ್ದನ್ನೇ ಹೇಳಿಬಿಟ್ಟ!”

ಗಿರಿಧರನ ಕಿಸೆಯಲ್ಲಿ ಫೋನು ಹೊಡೆದುಕೊಂಡಿತು. ಹರಿಶ್ಚಂದ್ರರು.

“ಗಿರಿಧರಾ, ಜನಕ್ಕೆ ಹುಚ್ಚು ಹಿಡ್ದಿದೆ. ಎಲ್ಲರಿಗೂ ಕರಿಗಡ್ಡನೇ ಬೇಕಂತೆ. ಬರೂ ವಾರದಿಂದ ಅವನೇ ಹೀರೋ, ಕತೆಗೂ ಅವನದ್ದೇ ಹೆಸರು.”

“ಅಲೆವೀರ?”

“ಅವ ಸಾಕು. ಮುಗ್ಸಿಬಿಡು.”

“ಅವ ಎಂತಾ ತಪ್ಪು ಮಾಡಿದ ಸರ್?”

“ಎಂತದೂ ಮಾಡ್ಲಿಲ್ಲ. ಅದೇ ತೊಂದ್ರೆ.”

ಜನ್ಮದಲ್ಲಿ ದನಿಯೆತ್ತದ ಗಿರಿಧರ ಬಸ್‌ಸ್ಟ್ಯಾಂಡಿನ ನಡುವೆ ನಿಂತು ಕೂಗಿಬಿಟ್ಟ. “ಅದು ಸುಳ್ಳು ಸರ್! ಬಂಗ್ಡೆ ತಿಂದವ ಅಲೆವೀರನೇ! ನಾ ಬರೀವಾಗ ಅವನೇ ಕೂತಿದ್ದ. ಆ ಹಸಿವು ಅವಂದು!”

“ಈಗ ಹೇಳಿದ್ರೆ ಯಾರು ನಂಬ್ತ್ರು ಮಾರಾಯಾ? ಬಟ್ಲ ಮೇಲೆ ಕರಿಗಡ್ಡನ ಬೆರಳ ಗುರುತು ಅದೆ. ಇಟ್ಟವ ನೀನೇ.”

ಫೋನು ಕಟ್ಟಾಯಿತು. ಗಿರಿಧರ ಸ್ಕೂಟರಿನ ಹಿಂದೆ ಹತ್ತಿ ಕೂತ. ಅವನ ಮುಖ ನೋಡಿ ತುಳಸಿದಾಸನಿಗೂ ಕರುಳು ಚುರ್ ಎಂದಿತು. ಗಾಡಿ ಚಾಲೂ ಮಾಡಿ, ಕತ್ತು ಹಿಂದಕ್ಕೆ ತಿರುಗಿಸಿ ಸಮಾಧಾನ ಹೇಳಿದ.

“ಬೇಜಾರ ಮಾಡ್ಕಬ್ಯಾಡ ತಮಾ. ಎಂತಾ ಮಾಡೂದು, ನಿನ್ನ ಅಲೆವೀರನೂ ಹೀಂಗೇ ಒಂದು ಸಲ ಆಸೆ ತಡೀಲಾರ್ದೆ ಬಂಗ್ಡೆ ತಿಂದಿದ್ರೆ, ನಾವು ಅವನ್ನ ಬಿಟ್ಕೊಡ್ತಿದ್ವಾ?”