ಲ್ಯಾಟಿನ್ ಬಾರದ ಲ್ಯಾಟಿನ್ ಟೀಚರ್

ಪಾಠ ಹೇಳುವವರ ಬದುಕಿನಲ್ಲಿ ನಗೆಪಾಟಲಾಗುವ ಪ್ರಸಂಗಗಳಿಗೆ ಕೊರತೆಯಿಲ್ಲ. ಬೇರೆಯವರಿಗೆ ವರ್ಷಕ್ಕೊಂದು ಆದರೆ ನನಗೆ ವಾರಕ್ಕೊಂದು ಆಗುತ್ತಿತ್ತು. ಯಾಕೆಂದರೆ ನಾನು ಹಗರಿಬೊಮ್ಮನಹಳ್ಳಿಯಲ್ಲಿ ಇಬ್ಬರು ಮಕ್ಕಳಿಗೆ ಲ್ಯಾಟಿನ್ ಕಲಿಸುತ್ತಿದ್ದೆ, ಮತ್ತು ನನಗೆ ಲ್ಯಾಟಿನ್ ಬರುತ್ತಿರಲಿಲ್ಲ.

೧. ಬೇವಿನ ಮರದ ಸಂದರ್ಶನ

ತೊಂಬತ್ತರ ದಶಕದ ಕೊನೆಯ ಮಾತು. ಸಸ್ಯಶಾಸ್ತ್ರದಲ್ಲಿ ಬಿ.ಎಸ್ಸಿ. ಮುಗಿಸಿ ಕೊಟ್ಟೂರಿಗೆ ಸೊಸೆಯಾಗಿ ಬಂದಿದ್ದೆ. ಕೆಲಸಕ್ಕೆ ಹೋಗುತ್ತೇನೆಂದು ಮೂರು ಸಲ ಕೇಳಿದ ಮೇಲೆ ಅತ್ತೆ ಒಂದು ಷರತ್ತು ಹಾಕಿದರು: "ಆಫೀಸು ಗೀಫೀಸು ಬ್ಯಾಡ. ಯಾರದರ ಮನ್ಯಾಗ ಮಕ್ಕಳಿಗೆ ಪಾಠ ಹೇಳೋದಾದ್ರ ಹೋಗು. ಅದು ತಪ್ಪಿತಂದ್ರ ಮಾತ್ರ ಮತ್ತ ಹೊಸ್ತಿಲ ದಾಟೋ ಸುದ್ದಿ ಎತ್ತಬ್ಯಾಡ."

ಆಗ ಸಿಕ್ಕಿದ್ದೇ ಹಗರಿಬೊಮ್ಮನಹಳ್ಳಿಯ ಒಬ್ಬ ಡಾಕ್ಟರ ಮನೆ; ಬಸ್ಸಿನಲ್ಲಿ ಹೋಗಿಬರುವಷ್ಟು ದೂರ. ತಮ್ಮ ಮಗಳನ್ನೂ ಮಗನನ್ನೂ ಶಾಲೆ ಬಿಡಿಸಿ ಮನೆಯಲ್ಲೇ ಓದಿಸುತ್ತೇನೆಂದು ಅವರು ಹಟ ಹಿಡಿದಿದ್ದರು. ಮಕ್ಕಳಿಗೆ ಅದೆಂಥ ಕಾಯಿಲೆಯೋ ಎಂದು ಊರೆಲ್ಲ ಪಿಸುಗುಟ್ಟುತ್ತಿತ್ತು. ಇಂಗ್ಲಿಷಿನ ದೊಡ್ಡ ಪದಗಳ ಬೇರೆಲ್ಲ ಲ್ಯಾಟಿನ್ನಿನಲ್ಲಿದೆ, ಮಕ್ಕಳು ಮೊದಲು ಅದನ್ನು ಕಲಿಯಬೇಕು ಎಂಬುದು ಡಾಕ್ಟರ ಪಟ್ಟು. ಸಸ್ಯಶಾಸ್ತ್ರ ಓದಿದವರಿಗೆ ಲ್ಯಾಟಿನ್ ಬರುತ್ತದೆಂದು ಯಾರೋ ಪುಣ್ಯಾತ್ಮರು ಅವರ ಕಿವಿಯಲ್ಲಿ ಹಾಕಿದ್ದರು.

"ಲ್ಯಾಟಿನ್ ಬರ್ತೈತೇನ್ರಿ ಮೇಡಂ?" ಎಂದು ಕೇಳಿದರು.

ನಾನು ಹೌದೆಂದೂ ಅನ್ನಲಿಲ್ಲ, ಇಲ್ಲವೆಂದೂ ಅನ್ನಲಿಲ್ಲ. ಅವರು ಹಿತ್ತಲಿನ ಬೇವಿನ ಮರ ತೋರಿಸಿದರು. "ಇದಕ್ಕ ಲ್ಯಾಟಿನ್ನಿನ್ಯಾಗ ಏನಂತಾರ?"

"ಅಜಾಡಿರಾಕ್ಟಾ ಇಂಡಿಕಾ."

"ನಾಳಿಂದ ಬರ್ರಿ."

ಮರ ಬೇವಿನದೇ ಆಗಿದ್ದು ನನ್ನ ಪುಣ್ಯ. ಪಕ್ಕದ ಕುಂಡದಲ್ಲಿದ್ದ ಬಣ್ಣದೆಲೆಯ ಗಿಡ ತೋರಿಸಿದ್ದರೆ ನಾನು ಅಲ್ಲಿಂದಲೇ ಸೀದಾ ಬಸ್ ಸ್ಟ್ಯಾಂಡಿಗೆ.

೨. ಕಂಡಕ್ಟರ್ ತೆಗೆದುಕೊಂಡ ಪರೀಕ್ಷೆ

ಪಾಠಕ್ಕೆಂದು ಡಾಕ್ಟರು ಒಂದು ದಪ್ಪ ಪುಸ್ತಕ ಕೊಟ್ಟಿದ್ದರು. ದಿನಾ ಸಂಜೆ ಅದರಿಂದ ಹದಿನೈದು ಪದಗಳನ್ನು ಅರ್ಥದ ಸಮೇತ ಕನ್ನಡದಲ್ಲಿ ಚೀಟಿಗೆ ಬರೆದುಕೊಳ್ಳುತ್ತಿದ್ದೆ. ಮರುದಿನ ಬೆಳಿಗ್ಗೆ ಬಸ್ಸಿನಲ್ಲಿ ಬಾಯಿಪಾಠ. ಹೀಗೆ ಮಕ್ಕಳಿಗಿಂತ ಒಂದೇ ಒಂದು ದಿನ ಮುಂದಿದ್ದೆ.

ಆ ಬಸ್ಸಿನ ಕಂಡಕ್ಟರ್ ನನ್ನ ತುಟಿ ಅಲುಗುವುದನ್ನು ಒಂದು ವಾರ ನೋಡಿದ. ಎಂಟನೆಯ ದಿನ ಚೀಟಿಯನ್ನೇ ಕೇಳಿ ಇಸಿದುಕೊಂಡ. "ಹಿಂಗ ಒಬ್ಬರ ಓದಿದ್ರ ತಲಿಗೆ ಹತ್ತಂಗಿಲ್ಲ ಟೀಚರ್. ನಾ ಕೇಳ್ತೀನಿ, ನೀವು ಹೇಳ್ರಿ. ಆಕ್ವಾ?"

"ನೀರು."

"ಟೆರ್ರಾ?"

"ಮಣ್ಣು."

"ಮಾನುಸ್?"

ನಾನು ತಡವರಿಸಿದೆ. ಅಷ್ಟರಲ್ಲಿ ಒಂದು ಸ್ಟಾಪ್ ಬಂದು, ಇಳಿಯುವವರು ಇಳಿದು, ಹತ್ತುವವರು ಹತ್ತಿದರು. ಉತ್ತರ ಬರುವ ತನಕ ಅವನು ಸೀಟಿ ಊದಲಿಲ್ಲ. ಡ್ರೈವರು ಹಿಂದೆ ತಿರುಗಿ ನೋಡಿದ. ಇಟ್ಟಿಗಿ ಊರಿಗೆ ಹೊರಟಿದ್ದ ಒಬ್ಬ ಅಜ್ಜ ಕಂಡಕ್ಟರನ ಹೆಗಲ ಮೇಲಿಂದ ಚೀಟಿ ಇಣುಕಿ ನೋಡಿ, ನನಗೆ ತನ್ನ ಅಂಗೈ ತೋರಿಸಿದ.

"ಕೈ!" ಎಂದೆ. ಕಂಡಕ್ಟರ್ ಸೀಟಿ ಊದಿದ. ಬಸ್ಸು ಹೊರಟಿತು.

ಆಮೇಲೆ ಅದೇ ರೂಢಿಯಾಯಿತು. ವರ್ಷ ಕಳೆಯುವುದರಲ್ಲಿ ಆ ಬಸ್ಸಿನ ದಿನದ ಪ್ರಯಾಣಿಕರಿಗೆಲ್ಲ ನನಗಿಂತ ಚೆನ್ನಾಗಿ ಲ್ಯಾಟಿನ್ ಬರುತ್ತಿತ್ತು. ಅವರಲ್ಲಿ ಯಾರಿಗಾದರೂ ಡಾಕ್ಟರ ಮನೆಯ ಕೆಲಸ ಸಿಕ್ಕಿಬಿಟ್ಟರೆ ಎಂಬ ಹೆದರಿಕೆ ನನಗೆ ನಿಜವಾಗಿಯೂ ಇತ್ತು.

೩. ಎರಡು ಸಾವಿರ ವರ್ಷದ ಕಳ್ಳತನ

ಡಾಕ್ಟರ ಮಗನಿಗೆ ಆಗ ಎಂಟೋ ಒಂಬತ್ತೋ ವರ್ಷ. ಹಲ್ಲುಗಳಿಗೆ ಡೆಂಟೆಸ್, ಕಾಲುಗಳಿಗೆ ಪೆಡೆಸ್, ಏಳಕ್ಕೆ ಸೆಪ್ಟೆಮ್ ಎಂದು ಹೇಳಿಕೊಟ್ಟ ದಿನ ಅವನ ಮುಖ ಕೆಂಪಾಯಿತು. "ದಂತ, ಪಾದ, ಸಪ್ತ ನಮ್ಮವಲ್ಲೇನ್ರಿ ಟೀಚರ್? ಇವರು ಕದ್ದಾರ."

ಸಂಸ್ಕೃತ, ಲ್ಯಾಟಿನ್ ಎರಡೂ ಒಂದೇ ಹಳೆಯ ಮನೆತನದ ಭಾಷೆಗಳು ಎಂದು ಪುಸ್ತಕದಲ್ಲಿದ್ದದ್ದನ್ನು ಹೇಳಿ ನೋಡಿದೆ. ಕೇಳಲಿಲ್ಲ. ಮುಂದಿನ ಕೋಣೆಯ ದವಾಖಾನೆಯಲ್ಲಿ ಜ್ವರಕ್ಕೆ ಔಷಧ ತಗೊಳ್ಳಲು ಬಂದಿದ್ದ ಪೊಲೀಸಪ್ಪನ ಮುಂದೆ ಹೋಗಿ ನಿಂತ. "ರೋಮ್‌ನೋರು ನಮ್ಮ ಪದ ಕದ್ದಾರ್ರಿ. ಕಂಪ್ಲೇಂಟ್ ಬರ್ಕೋರಿ."

ಆ ಪುಣ್ಯಾತ್ಮ ನಗಲಿಲ್ಲ. ಜ್ವರದಲ್ಲೂ ನೆಟ್ಟಗೆ ಕೂತು, "ಕಳುವಾಗಿ ಎಷ್ಟು ದಿನಾತಪ್ಪ?" ಎಂದು ಕೇಳಿದ.

"ಎರಡು ಸಾವಿರ ವರ್ಷರಿ."

"ಈ ರೋಮು ಎಲ್ಲಿ ಬರ್ತೈತಿ?"

"ಸಮುದ್ರ ದಾಟಿ ಹೋಗಬೇಕ್ರಿ."

ಪೊಲೀಸಪ್ಪ ಟೋಪಿ ಸರಿಮಾಡಿಕೊಂಡ. "ಅದು ನಮ್ಮ ಸ್ಟೇಷನ್ ಲಿಮಿಟ್ಟಿಗೆ ಬರಂಗಿಲ್ಲಪ್ಪ. ಪಕ್ಕದ ಹಡಗಲಿಯಾಗ ಕೇಳಿ ನೋಡು."

೪. ಮುಂದೆ ಇಂಜೆಕ್ಷನ್, ಹಿಂದೆ ಮಂತ್ರ

ನಮ್ಮ ಪಾಠ ಹಿತ್ತಲಿನಲ್ಲಿ ನಡೆಯುತ್ತಿತ್ತು. ಮಕ್ಕಳು ದಿನದ ಪದಗಳನ್ನು ರಾಗವಾಗಿ, ದೊಡ್ಡ ದನಿಯಲ್ಲಿ ಹೇಳುತ್ತಿದ್ದರು. ಒಮ್ಮೆ ಚೇಳು ಕಡಿಸಿಕೊಂಡ ಅಜ್ಜಿಯೊಬ್ಬಳು ಇಂಜೆಕ್ಷನ್ ಆದ ಮೇಲೆ ನೆರಳು ಹುಡುಕಿಕೊಂಡು ಹಿತ್ತಲಿಗೆ ಬಂದು ಕೂತಳು. ಮಕ್ಕಳು ಹದಿನೈದು ಪದ ಹೇಳಿ ಮುಗಿಸುವುದಕ್ಕೂ ಅವಳ ಉರಿ ಇಳಿಯುವುದಕ್ಕೂ ಸರಿಹೋಯಿತು.

ಮುಂದಿನ ವಾರ ಹಿತ್ತಲಿನಲ್ಲಿ ಆರು ಜನ. ಅದರ ಮುಂದಿನ ವಾರ ಗೋಡೆಯುದ್ದಕ್ಕೂ ಸಾಲು. ಡಾಕ್ಟರು ಸ್ಟೆತಾಸ್ಕೋಪಿನ ಸಮೇತ ಓಡಿಬಂದರು. ನನ್ನ ಕೆಲಸ ಇವತ್ತಿಗೆ ಮುಗಿಯಿತು ಎಂದುಕೊಂಡೆ.

"ಏನವಾ ಇದು? ನನ್ನ ಔಷಧ ಬಿಟ್ಟು ಇಲ್ಲ್ಯಾಕ ಕುಂತೀರಿ?"

ಸಾಲಿನ ಮುಂದಿದ್ದ ಅದೇ ಅಜ್ಜಿ ಸಮಾಧಾನದಿಂದ ಹೇಳಿದಳು: "ನಿಮ್ಮ ಔಷಧ ಯಾರು ಬಿಟ್ಟಾರಪ್ಪ? ಮೊದಲು ನಿಮ್ಮ ಹತ್ರ ಚುಚ್ಚಿಸ್ಕೊಂಡ ಮ್ಯಾಲೇ ಇಲ್ಲಿಗೆ ಬರೋದು. ನೀವು ಚುಚ್ಚಿದ್ದರ ಉರಿ ಇಳೀಬೇಕಲ್ಲ."

ಡಾಕ್ಟರು ಒಳಗೆ ಹೋದರು. ಮರುದಿನ ಹಿತ್ತಲಿಗೆ ರೋಗಿಗಳಿಗೆಂದು ಒಂದು ಬೆಂಚು ಬಂತು.

೫. ಫಾದರ್ ಬಂದರು

ಎಂದಾದರೂ ಸಿಕ್ಕಿಬೀಳುತ್ತೇನೆಂದು ಹೆದರಿದ್ದೆ, ಮೂರನೆಯ ವರ್ಷ ಹಾಗೇ ಆಯಿತು. ಡಾಕ್ಟರಿಗೆ ಕಾಲೇಜಿನಲ್ಲಿ ಪಾಠ ಹೇಳಿದ್ದ ಮಂಗಳೂರು ಕಡೆಯ ಪಾದ್ರಿಗಳು ಮನೆಗೆ ಬರುವವರಿದ್ದರು. ಲ್ಯಾಟಿನ್ನನ್ನು ನೀರು ಕುಡಿದಂತೆ ಮಾತಾಡುವವರು. "ಮಕ್ಕಳನ್ನ ಪರೀಕ್ಷಾ ಮಾಡಸ್ತೀನ್ರಿ ಮೇಡಂ, ನೀವೂ ಇರ್ರಿ" ಎಂದರು ಡಾಕ್ಟರು. ಹೊಸ್ತಿಲು ದಾಟಬೇಡ ಎಂದಿದ್ದ ಅತ್ತೆಯ ಮುಖ ಕಣ್ಣ ಮುಂದೆ ಬಂತು.

ಬೆಳ್ಳಗಿನ ಗಡ್ಡದ ಫಾದರ್ ಚಹಾ ಕುಡಿಯುತ್ತ ಮಕ್ಕಳಿಗೆ ಪದ ಕೇಳಿದರು. ಅವರು ಪಟಪಟನೆ ಹೇಳಿದರು. ಒಂದೂ ತಪ್ಪಲಿಲ್ಲ. ಫಾದರ್ ಖುಷಿಯಾಗಿ ನನ್ನ ಕಡೆ ತಿರುಗಿ, ಲ್ಯಾಟಿನ್ನಿನಲ್ಲಿ ಒಂದು ಉದ್ದನೆಯ ಮಾತು ಹೇಳಿ, ಉತ್ತರಕ್ಕೆ ಕಾದರು.

ನನಗೆ ಒಂದಕ್ಷರ ತಿಳಿಯಲಿಲ್ಲ. ಅಜಾಡಿರಾಕ್ಟಾ ಇಂಡಿಕಾ ಎಂದುಬಿಡಲೇ ಎಂದೂ ಒಂದು ಕ್ಷಣ ಅನ್ನಿಸಿತು. ಕೊನೆಗೆ ಎದ್ದು ನಿಂತೆ. "ಫಾದರ್, ನನಗೆ ಲ್ಯಾಟಿನ್ ಬರಂಗಿಲ್ಲ. ಡಾಕ್ಟ್ರ, ತಪ್ಪಾತ್ರಿ. ದಿನಾ ಬಸ್ಸಿನ್ಯಾಗ ಕಲಿತು ಬಂದು ಹೇಳಿಕೊಡ್ತಿದ್ದೆ."

ಡಾಕ್ಟರು ನನ್ನನ್ನು ನೋಡಿದರು, ಆಮೇಲೆ ಮಕ್ಕಳನ್ನು ನೋಡಿದರು. ಮಕ್ಕಳ ಮುಖದಲ್ಲಿ ಸ್ವಲ್ಪವೂ ಆಶ್ಚರ್ಯ ಇರಲಿಲ್ಲ.

"ನಿಮಗ ಗೊತ್ತಿತ್ತೇನು?"

"ಮೊದಲನೇ ವಾರದಾಗ ಗೊತ್ತಾತಪ್ಪ," ಎಂದಳು ಮಗಳು. "ಟೀಚರ್ ಚೀಟಿ ನೋಡ್ತಿದ್ರು."

"ಮತ್ತ ನನಗ್ಯಾಕ ಹೇಳಲಿಲ್ಲ?"

"ಹೇಳಿದ್ರ ನೀವು ಲ್ಯಾಟಿನ್ ಬರೋರನ್ನ ಕರ್ಕೊಂಡು ಬರ್ತಿದ್ರಿ."

ಮೂರು ವರ್ಷ ಆ ಎರಡು ಮಕ್ಕಳು ಹೊರಗೆ ಒಂದು ಮಾತು ಬಿಟ್ಟುಕೊಟ್ಟಿರಲಿಲ್ಲ. ಈಗಲೂ ನೆನೆದರೆ ಅವರಿಗೆ ಕೈ ಮುಗಿಯಬೇಕು ಅನ್ನಿಸುತ್ತದೆ. ಆವತ್ತು ಮಾತ್ರ ನಾನು ಎಲ್ಲರೆದುರು ಸೆರಗಿನಲ್ಲಿ ಕಣ್ಣೊರೆಸಿಕೊಂಡೆ. ಡಾಕ್ಟರು ದನಿ ತಗ್ಗಿಸಿದರು. "ಹೊಸದಾಗಿ ಪ್ರಾಕ್ಟೀಸ್ ಶುರು ಮಾಡಿದಾಗ ನಾನೂ ಒಳಗ ಹೋಗಿ ಪುಸ್ತಕ ನೋಡಿ ಬಂದು ಔಷಧ ಬರೀತಿದ್ದೆ. ಹೊರಗ ಹೇಳಬ್ಯಾಡ್ರಿ. ನಾಳಿ ಎಂದಿನಂಗ ಬರ್ರಿ."

ಜೀವ ಬಂದಂತಾಯಿತು. ಧೈರ್ಯ ಮಾಡಿ ಫಾದರನ್ನು ಕೇಳಿದೆ: "ಆಗ ಅಷ್ಟುದ್ದ ಏನೋ ಕೇಳಿದ್ರಲ್ಲ ಫಾದರ್, ಏನದು?"

ಫಾದರ್ ಕೈಯಲ್ಲಿದ್ದ ಖಾಲಿ ಕಪ್ಪನ್ನು ಮುಂದೆ ಚಾಚಿದರು. "ಇನ್ನೊಂದು ಚೂರು ಚಾ ಉಂಟಾ ಅಂತ ಕೇಳಿದ್ದು ಮಾರಾಯ್ತಿ."