ಬಿಡ್ತು ಅನ್ನದ ಡಾಕ್ಟರಿಗೆ ಎದ್ದ ಕುರು

ಹಾಸನದ ಸೀಮೆಯಲ್ಲಿ ನಾನು ಡಾಕ್ಟರಾಗಿದ್ದ ಆ ಪ್ಲೇಗಿನ ಕಾಲದಲ್ಲಿ, ಮೈಮೇಲೆ ಏನೇ ಗಂಟು ಎದ್ದರೂ ಜನ ಓಡಿ ಬರುತ್ತಿದ್ದರು. ಅದು ಕುರುವೋ, ಪ್ಲೇಗಿನ ಗಡ್ಡೆಯೋ ಹೇಳುವುದು ನನ್ನ ಕೆಲಸ. ಪುಸ್ತಕದಲ್ಲಿ ಓದಿದ್ದೇ ಒಂದು, ಬಾಗಿಲಿಗೆ ಬರುತ್ತಿದ್ದುದೇ ಇನ್ನೊಂದು.

ಎಲ್ಲಿ ತೋರಿಸು

ದುದ್ದದ ಕಡೆಯ ರೈತನೊಬ್ಬ ಬಂದು, "ಕಂಕುಳಲ್ಲಿ ಕುರು ಎದ್ದೈತೆ ಸಾ" ಎಂದ. ಅಂಗಿ ಬಿಚ್ಚಿಸಿ ಎರಡೂ ಕಂಕುಳು ಒತ್ತಿ ನೋಡಿದೆ. ಏನೂ ಇಲ್ಲ.

"ಎಲ್ಲಯ್ಯಾ ಕುರು?"

"ನಂಗೆಲ್ಲೈತೆ ಸಾ? ನಮ್ಮನೆಯೋಳಿಗೆ!"

"ಅವಳಿಗಾದರೂ ಎಲ್ಲಿ, ಸರಿಯಾಗಿ ತೋರಿಸು."

ಪುಣ್ಯಾತ್ಮ ನನ್ನ ಎಡಗಂಕುಳಿಗೇ ಬೆರಳಿಟ್ಟು ತಿವಿದ. "ಇಲ್ಲೇ ಸಾ. ನನ್ ಮೈಮ್ಯಾಲೆ ತೋರಿಸ್ಕಂಡ್ರೆ ನಂಗೂ ಬತ್ತದೆ. ನೀವು ಬಿಡ್ತು ಅನ್ನಿ."

"ನಾನು ಓದಿದವನು ಕಣಯ್ಯಾ" ಎಂದೆನೇ ಹೊರತು ಬಿಡ್ತು ಅನ್ನಲಿಲ್ಲ. ಮಾರನೆಯ ದಿನ ಹೆಂಡತಿಯನ್ನು ಕರೆತಂದ. ಬರೀ ಕುರು. ಆದರೆ ಹೋಗುವಾಗ ಅವನು ನೋಡಿದ್ದು ನನ್ನನ್ನು, ಅಯ್ಯೋ ಪಾಪ ಅನ್ನುವ ಹಾಗೆ.

ಬಿಸಿನೀರಿನ ಔಷಧಿ

ಕಟ್ಟಾಯದ ಅಜ್ಜಿಯೊಬ್ಬಳ ಕೆನ್ನೆಯ ಕುರುವಿಗೆ ಮೆತ್ತಿದ್ದ ಸುಣ್ಣ-ಬೆಲ್ಲ ಒಣಗಿ ಹೆಂಚಾಗಿತ್ತು. ಕೆಳಗೆ ಏನಿದೆಯೋ ಎಂಬ ಕುತೂಹಲಕ್ಕೆ ಬಿಸಿನೀರಲ್ಲಿ ನೆನೆಸಿ ನೆನೆಸಿ ಬಿಡಿಸಿದೆ. ಕುರು ಎಂದೋ ಒಡೆದು ವಾಸಿಯಾಗಿತ್ತು. ಅಜ್ಜಿ ಕೆನ್ನೆ ಸವರಿಕೊಂಡು, "ಎಂಥಾ ಕೈಗುಣ ಮಗಾ ನಿಂದು!" ಎಂದಳು. ಮುಂದಿನ ವಾರ ಕಟ್ಟಾಯದಿಂದ ನಾಲ್ಕು ಜನ ಸೀಸೆ ಹಿಡಿದು ಬಂದರು. "ಆ ಬಿಸ್ನೀರು ನಮ್ಗೂ ಒಸಿ ಕೊಡಿ ಸಾ!"

ನನ್ನ ಸರದಿ

ಅದಾಗಿ ತಿಂಗಳೊಳಗೆ ಪಕ್ಕದ ಊರಲ್ಲಿ ಇಲಿ ಸತ್ತು ಬಿದ್ದವು, ಪ್ಲೇಗು ಬಂತೆಂದೇ ಲೆಕ್ಕ. ಒಂದು ಬೆಳಿಗ್ಗೆ ಸ್ನಾನ ಮಾಡುವಾಗ ನನ್ನ ಎಡಗಂಕುಳಲ್ಲಿ ಗಂಟೊಂದು ಕೈಗೆ ಸಿಕ್ಕಿತು. ಥರ್ಮಾಮೀಟರು ಇಟ್ಟೆ, ಜ್ವರವಿಲ್ಲ. ಮತ್ತೆ ಇಟ್ಟೆ, ಇಲ್ಲ. ಥರ್ಮಾಮೀಟರೇ ಕೆಟ್ಟಿರಬೇಕು ಅನ್ನಿಸಿತು! ಊರವರ ಗಂಟೆಲ್ಲ ಗುರುತಿಸುತ್ತಿದ್ದವನಿಗೆ ನನ್ನದೇ ಗೊತ್ತಾಗಲಿಲ್ಲ. ನಿಜವಾಗಿ ಹೆದರಿದ್ದೆ. ಹೆಂಡತಿಗೆ, "ಅರಕಲಗೂಡಿಗೆ, ನಿನ್ನ ತವರಿಗೆ ಹೊರಡು" ಎಂದೆ. ಅವಳು ಅಳುತ್ತಾ ಒಳಗೆ ಕೂತಳು.

ಅಷ್ಟರಲ್ಲಿ ಅದೇ ದುದ್ದದ ರೈತ ಅವರೆಕಾಯಿ ಕೊಡಲು ಬಂದ. ನನ್ನ ಮುಖ ನೋಡಿ, ವಿಷಯ ಕೇಳಿ, ಕೈ ಎತ್ತಿಸಿ ಒತ್ತಿ ನೋಡಿದ.

"ಮೂತಿ ಬಂದೈತೆ, ಕೀವು ಕಟ್ಟೈತೆ. ಕುರು ಕಣ್ ಸಾ, ಬರೀ ಕುರು! ನಾನು ತೋರಿಸಿದ್ನಲ್ಲ, ಅದೇ ಜಾಗ. ಅವತ್ತೇ ಬಿಡ್ತು ಅಂದಿದ್ರೆ ಈ ಪಾಡಿತ್ತಾ?"

ಹೋದ ಜೀವ ಬಂದಂತಾಯಿತು. ಓದು ಗೀದು ಎಲ್ಲ ಮರೆತು "ಬಿಡ್ತು" ಎಂದೆ.

ಒಳಗಿನಿಂದ ಹೆಂಡತಿ ಕೂಗಿದಳು: "ಇನ್ನೆರಡು ಸಲ ಅನ್ರೀ, ಬಾಯೇನು ಸವೆಯಲ್ಲ!"